ಮೊದಲು ಬಾಯಿ, ಆಮೇಲೆ ಗಾಳಿ: ವಸಂತ್ ಕುಂಜ್‌ನ ಕನ್ನಡ ಮನೆಗಳಿಗೆ ಕ್ಯಾನ್ಸರ್ ತಡೆಯ ಕೈಪಿಡಿ

ದೆಹಲಿಗೆ ವರ್ಗವಾಗಿ ಬಂದು ವಸಂತ್ ಕುಂಜ್‌ನಲ್ಲಿ ಮನೆ ಹಿಡಿದ ಕನ್ನಡ ಕುಟುಂಬ ಮೊದಲ ನವೆಂಬರ್‌ನಲ್ಲೇ ಎರಡು ಕೆಲಸ ಮಾಡುತ್ತದೆ. ಒಂದು, ಏರ್ ಪ್ಯೂರಿಫೈಯರ್ ಕೊಳ್ಳುವುದು. ಇನ್ನೊಂದು, ಲಕ್ಷ್ಮಣಫಲ ತಿಂದರೆ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನೆಂಟರಿಷ್ಟರಿಗೆಲ್ಲ ರವಾನಿಸುವುದು. ಮೊದಲನೆಯದರಿಂದ ಸ್ವಲ್ಪ ಪ್ರಯೋಜನವಿದೆ, ಎರಡನೆಯದರಿಂದ ಏನೂ ಇಲ್ಲ. ಆದರೆ ಎರಡೂ ಪಟ್ಟಿಯ ತಲೆಯಲ್ಲಿ ಕೂರಬೇಕಾದವಲ್ಲ.

ಕ್ಯಾನ್ಸರ್‌ಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಯಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಭಾರತದಲ್ಲಿ 2022ರಲ್ಲಿ ಸುಮಾರು 14.6 ಲಕ್ಷ ಹೊಸ ಪ್ರಕರಣಗಳು ಎಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಅಂದಾಜಿಸಿತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿದರೆ ಎಷ್ಟು ಮನೆಗಳ ದುಃಖ ತಪ್ಪಬಹುದಿತ್ತು ಎಂದು ಗೊತ್ತಾಗುತ್ತದೆ. ಹಾಗೆಂದು, ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಕಾಯಿಲೆ ಬರಬಹುದು. ಬಂದವರನ್ನು 'ನೀನೇ ಏನೋ ತಪ್ಪು ಮಾಡಿದ್ದೀಯ' ಎನ್ನುವ ಹಕ್ಕು ಯಾರಿಗೂ ಇಲ್ಲ. ಇಲ್ಲಿ ಹೇಳುವುದೆಲ್ಲ ಅಪಾಯವನ್ನು ತಗ್ಗಿಸುವ ದಾರಿ, ಅಷ್ಟೇ.

ಹೊಸದಾಗಿ ಶುರುಮಾಡುವವರು ನೆನಪಿಡಬೇಕಾದ್ದು ಕ್ರಮ. ಯಾವುದರಿಂದ ಅಪಾಯ ಹೆಚ್ಚೋ ಅದನ್ನು ಮೊದಲು ತೆಗೆಯಿರಿ. ಮೈಕ್ರೋವೇವ್, ಮೊಬೈಲ್ ಟವರ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಮನೆಯಲ್ಲೇ ಊಟದ ನಂತರ ಅಡಿಕೆ ಕತ್ತರಿಸುವ ಸದ್ದು ಕೇಳಿಸುತ್ತಿರುತ್ತದೆ.

ಹಂತ 1: ಬಾಯಿಯಿಂದ ಶುರುಮಾಡಿ

ಮನೆಯಲ್ಲಿ ಯಾರ ಬಾಯಿಗೆ ಏನು ಹೋಗುತ್ತದೆ ಎಂದು ಮೊದಲು ಗಮನಿಸಿ. ಸಿಗರೇಟು, ಬೀಡಿ ಕಣ್ಣಿಗೆ ಬೀಳುತ್ತವೆ. ಬೀಳದವು ಅಜ್ಜಿಯ ಎಲೆಅಡಿಕೆ ಚೀಲದೊಳಗಿನ ಕಡ್ಡಿಪುಡಿ, ಡ್ರೈವರ್ ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವ ಖೈನಿ, ಕಾಲೇಜು ಹುಡುಗನ ಜೇಬಿನ ಪಾನ್ ಮಸಾಲೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 28.6ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರಿಗಿಂತ ಜಗಿಯುವವರೇ ಹೆಚ್ಚು. ದೆಹಲಿಯಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಅಂಗಡಿಯವರು ಪಾನ್ ಮಸಾಲೆಯ ಪೊಟ್ಟಣವನ್ನೂ ಜರ್ದಾ ಪೊಟ್ಟಣವನ್ನೂ ಬೇರೆಬೇರೆಯಾಗಿ ಕೊಡುತ್ತಾರೆ, ಗಿರಾಕಿ ಬಾಯಲ್ಲಿ ಸೇರಿಸಿಕೊಳ್ಳುತ್ತಾನೆ. ಕಾನೂನಿನ ಕಣ್ಣು ತಪ್ಪಿಸಿದಂತೆಯೂ ಆಯಿತು, ವ್ಯಾಪಾರವೂ ನಡೆಯಿತು.

ಈಗ ಮಲೆನಾಡಿನವರಿಗೂ ಕರಾವಳಿಯವರಿಗೂ ರುಚಿಸದ ಮಾತು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ 2004ರಲ್ಲೇ ಅದನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿತು. ಅದೇ ಸಂಸ್ಥೆಯವರ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 1,20,000 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಅವುಗಳಲ್ಲಿ 83,000ಕ್ಕೂ ಹೆಚ್ಚು ನಮ್ಮ ದೇಶದವೇ. ತೋಟವನ್ನೇ ನಂಬಿದ ಸಂಸಾರಗಳ ಬದುಕಿನ ಪ್ರಶ್ನೆ ದೊಡ್ಡದು, ಅದಕ್ಕೆ ಸರ್ಕಾರ ಉತ್ತರ ಹುಡುಕಬೇಕು. ಜಗಿಯಬೇಕೇ ಬೇಡವೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿ ಇಪ್ಪತ್ತು ವರ್ಷ ದಾಟಿದೆ. ತಾಂಬೂಲದ ತಟ್ಟೆಯಲ್ಲಿ ಅಡಿಕೆ ಇರಲಿ, ಬಾಯಿಗೆ ಬೇಡ.

ಒಂದು ಸಣ್ಣ ಪರೀಕ್ಷೆ ಈಗಲೇ ಮಾಡಿಕೊಳ್ಳಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಹಲ್ಲು ಕೆಳಗಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿದರೆ ಸರಿ. ಹಿಡಿಯದಿದ್ದರೆ, ಜೊತೆಗೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ, ಸಾರಿನ ಖಾರ ತಾಕಿದರೂ ಬಾಯಿ ಉರಿದರೆ, ಅಡಿಕೆಯಿಂದ ಬಾಯೊಳಗಿನ ಪದರ ಬಿಗಿಯಾಗುತ್ತಿರಬಹುದು. ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ ಅದು. ದಂತವೈದ್ಯರ ಬಳಿ ಅದೇ ವಾರ ಹೋಗಿ.

ಬಿಡುವುದು ಹೇಗೆ? ಮುಂದಿನ ಎರಡು ವಾರದೊಳಗೆ ಒಂದು ದಿನ ಗೊತ್ತುಮಾಡಿ, ಮನೆಯವರಿಗೆಲ್ಲ ಹೇಳಿಬಿಡಿ. ಹಿಂದಿನ ರಾತ್ರಿ ಡಬ್ಬಿ, ಪೊಟ್ಟಣ, ಲೈಟರ್, ಅಡಕತ್ತರಿ ಎಲ್ಲವನ್ನೂ ಮನೆಯಿಂದ ಸಾಗಹಾಕಿ. ಮೊದಲ ವಾರ ಕಷ್ಟ, ಅದರಲ್ಲೂ ಮೊದಲ ಮೂರು ದಿನ. ಬೇಕೆನ್ನುವ ಚಪಲ ಕೆಲವೇ ನಿಮಿಷ ಇರುತ್ತದೆ. ಅಷ್ಟು ಹೊತ್ತು ನೀರು ಕುಡಿಯಿರಿ, ಎದ್ದು ಓಡಾಡಿ, ಬಾಯಿಗೆ ಸೋಂಪೋ ಏಲಕ್ಕಿಯೋ ಹಾಕಿಕೊಳ್ಳಿ. ತಂಬಾಕಿನ ಚಟ ಹಳೆಯದಾಗಿದ್ದರೆ ನಿಕೋಟಿನ್ ಗಮ್ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮ ಅಗಿಯುವುದಲ್ಲ. ನಾಲ್ಕು ಸಲ ಅಗಿದು ಕೆನ್ನೆಯ ಮೂಲೆಯಲ್ಲಿ ಇಟ್ಟುಕೊಳ್ಳಬೇಕು. ತಂಬಾಕು ಪೊಟ್ಟಣಗಳ ಮೇಲೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾದ ಈ ಸೇವೆಗೆ ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿತು, ಹಾಗಾಗಿ ಹಿಂದಿ ಬಾರದ ಅಜ್ಜನಿಗೆ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಒಂದು ಸಲ ಬಿಟ್ಟು ಮತ್ತೆ ಹಿಡಿದರೆ ಸೋತಂತಲ್ಲ. ಬಹಳ ಜನ ಹಲವು ಸಲ ಪ್ರಯತ್ನಿಸಿದ ಮೇಲೆಯೇ ಬಿಟ್ಟಿರುವುದು.

ಹಂತ 2: ಎರಡು ಲಸಿಕೆ, ಒಂದು ರಕ್ತಪರೀಕ್ಷೆ

ಸೂಜಿ ಚುಚ್ಚಿಸಿಕೊಂಡು ತಡೆಯಬಹುದಾದ ಕ್ಯಾನ್ಸರ್‌ಗಳೂ ಇವೆ ಎಂದರೆ ಈಗಲೂ ಹುಬ್ಬೇರಿಸುವವರಿದ್ದಾರೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಸದ್ದಿಲ್ಲದೆ ವರ್ಷಗಟ್ಟಲೆ ಲಿವರ್‌ನಲ್ಲಿ ಉಳಿದು ಕೊನೆಗೆ ಕ್ಯಾನ್ಸರ್‌ಗೆ ದಾರಿಮಾಡುತ್ತವೆ. ಬಿ ವೈರಸ್‌ಗೆ ಲಸಿಕೆ ಇದೆ, ಸಿ ವೈರಸ್‌ಗೆ ಲಸಿಕೆ ಇಲ್ಲ, ಆದರೆ ಗುಣಪಡಿಸುವ ಮಾತ್ರೆ ಇದೆ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಬೀಳಬೇಕು. ದೊಡ್ಡವರು ಬಹುಮಂದಿ ಹಾಕಿಸಿಕೊಂಡಿರುವುದಿಲ್ಲ, ಯಾಕೆಂದರೆ ಅವರು ಹುಟ್ಟಿದಾಗ ಅದು ಸರ್ಕಾರಿ ಲಸಿಕೆಪಟ್ಟಿಯಲ್ಲೇ ಇರಲಿಲ್ಲ. ಒಮ್ಮೆ ಎರಡೂ ವೈರಸ್‌ಗೆ ರಕ್ತಪರೀಕ್ಷೆ ಮಾಡಿಸಿ, ಬಿ ಇಲ್ಲವೆಂದಾದರೆ ಲಸಿಕೆ ಹಾಕಿಸಿಕೊಳ್ಳಿ. ವಸಂತ್ ಕುಂಜ್‌ನವರಿಗೆ ಇದಕ್ಕೆ ದೂರ ಹೋಗಬೇಕಾದ್ದೂ ಇಲ್ಲ: ದೇಶದ ಪ್ರಮುಖ ಲಿವರ್ ಆಸ್ಪತ್ರೆಯಾದ, ದೆಹಲಿ ಸರ್ಕಾರದ ಇನ್‌ಸ್ಟಿಟ್ಯೂಟ್ ಆಫ್ ಲಿವರ್ ಅಂಡ್ ಬಿಲಿಯರಿ ಸೈನ್ಸಸ್ ಇರುವುದು ಡಿ-1ರಲ್ಲೇ. ಆಟೋದವರಿಗೆ ಐಎಲ್‌ಬಿಎಸ್ ಎಂದರೆ ಸಾಕು. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಮನೆಗೆಲಸದವರಿಗೂ ಈ ಮಾತು ತಿಳಿಸಿ.

ಎರಡನೆಯದು ಎಚ್‌ಪಿವಿ ಲಸಿಕೆ. ಗರ್ಭಕೊರಳಿನ ಕ್ಯಾನ್ಸರ್ ಭಾರತದ ಹೆಂಗಸರಲ್ಲಿ ಎರಡನೆಯ ಸ್ಥಾನದಲ್ಲಿದೆ, ಜಗತ್ತಿನಾದ್ಯಂತ ಈ ಕ್ಯಾನ್ಸರ್‌ನ ಸುಮಾರು ಶೇ. 70ಕ್ಕೆ ಎಚ್‌ಪಿವಿ ವೈರಸ್‌ನ 16 ಮತ್ತು 18ನೇ ತಳಿಗಳು ಕಾರಣ. ಹುಡುಗಿಯರಿಗೆ 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿದರೆ ಹೆಚ್ಚು ಫಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಬೆಲೆಯೂ ಕೈಗೆಟುಕುವಂತಾಗಿದೆ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿ. 'ಇಷ್ಟು ಚಿಕ್ಕ ಹುಡುಗಿಗೆ ಈಗಲೇ ಯಾಕೆ' ಎಂದು ಅತ್ತೆ ಕೇಳಿದರೆ, ವೈರಸ್ ಬರುವ ಮೊದಲೇ ಹಾಕಿದರೆ ಚೆನ್ನಾಗಿ ಕೆಲಸ ಮಾಡುವ ಲಸಿಕೆ ಇದು ಎನ್ನಿ.

ಹಂತ 3: ಗಾಳಿ

ವಸಂತ್ ಕುಂಜ್‌ನ ಮರಗಳು ಕಣ್ಣಿಗೆ ಮೋಸ ಮಾಡುತ್ತವೆ. ಒಂದು ಕಡೆ ಸಂಜಯ್ ವನ, ಇನ್ನೊಂದು ಕಡೆ ಅರಾವಳಿ ಜೀವವೈವಿಧ್ಯ ಉದ್ಯಾನ, ನಡುವೆ ಡಿಡಿಎ ಫ್ಲ್ಯಾಟುಗಳ ಬೇವು, ಅಮಲ್ತಾಸ್. ಇಷ್ಟು ಹಸಿರಿದ್ದ ಮೇಲೆ ಗಾಳಿಯೂ ಚೆನ್ನಾಗಿರಬೇಕು ಎನ್ನಿಸುವುದು ಸಹಜ. ಅದೇ ಬಡಾವಣೆಯ ಬದಿಯಲ್ಲಿ ವಿಮಾನ ನಿಲ್ದಾಣ, ಮಹಿಪಾಲಪುರದ ಹೆದ್ದಾರಿ, ಹೆದ್ದಾರಿಯ ಡೀಸೆಲ್ ಲಾರಿಗಳೂ ಇವೆ. ಡೀಸೆಲ್ ಹೊಗೆಯನ್ನು 2012ರಲ್ಲಿ, ಹೊರಗಿನ ಗಾಳಿಯ ಮಾಲಿನ್ಯವನ್ನೇ ಒಟ್ಟಾರೆ 2013ರಲ್ಲಿ ಐಎಆರ್‌ಸಿ ಮೊದಲ ಗುಂಪಿಗೆ ಸೇರಿಸಿತು. ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದರಲ್ಲಿ ಇದರ ಪಾಲಿದೆ. ಪಿಎಂ 2.5 ಎಂಬ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ವಾರ್ಷಿಕ ಮಿತಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40. ದೆಹಲಿ ಎರಡನ್ನೂ ಮೀರಿಯೇ ಇರುತ್ತದೆ.

ಮೊದಲ ಕೆಲಸ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಹಾಕಿಕೊಂಡು, ಆರ್.ಕೆ. ಪುರಂ ಅಥವಾ ಶ್ರೀ ಅರವಿಂದ ಮಾರ್ಗದ ಮಾಪನ ಕೇಂದ್ರದ ಗಾಳಿ ಗುಣಮಟ್ಟ ಸೂಚ್ಯಂಕದ (ಎಕ್ಯೂಐ) ಅಂಕಿ ನೋಡುವುದು. 200 ದಾಟಿದರೆ ಗಾಳಿ ಕಳಪೆ, 300 ದಾಟಿದರೆ ತೀರಾ ಕಳಪೆ, 400 ದಾಟಿದರೆ ತೀವ್ರ.

ಎರಡನೆಯದು ವಾಕಿಂಗ್ ಸಮಯ. ಬೆಳಿಗ್ಗೆ ಐದೂವರೆಗೆ ಎದ್ದು ಮಂಕಿ ಕ್ಯಾಪ್ ಹಾಕಿಕೊಂಡು ನಡೆಯುವುದು ನಮ್ಮ ಹಿರಿಯರ ಶಿಸ್ತು. ಮೈಸೂರಿಗೆ, ಧಾರವಾಡಕ್ಕೆ ಅದು ಸರಿ. ದೆಹಲಿಯ ಚಳಿಗಾಲದಲ್ಲಿ ತಣ್ಣನೆಯ ಗಾಳಿ ರಾತ್ರಿಯ ಹೊಗೆಯನ್ನೆಲ್ಲ ನೆಲದ ಹತ್ತಿರವೇ ಒತ್ತಿ ಹಿಡಿದಿರುತ್ತದೆ, ಬಿಸಿಲು ಏರಿದ ಮೇಲೆಯೇ ಅದು ಮೇಲೇಳುವುದು. ನವೆಂಬರ್‌ನಿಂದ ಜನವರಿವರೆಗೆ ವಾಕಿಂಗನ್ನು ಮಧ್ಯಾಹ್ನಕ್ಕೆ ತಳ್ಳಿ. ಅಂಕಿ 300 ದಾಟಿದ ದಿನ ಮನೆಯೊಳಗೇ ಸೂರ್ಯನಮಸ್ಕಾರ ಹಾಕಿ, ಮೆಟ್ಟಿಲು ಹತ್ತಿ. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕು ಬೇಕು. ಬಟ್ಟೆಯದು, ಸರ್ಜಿಕಲ್ ಮಾಸ್ಕು ಈ ಕಣಗಳನ್ನು ಹೆಚ್ಚೇನೂ ತಡೆಯವು.

ಪ್ಯೂರಿಫೈಯರ್ ಕೊಳ್ಳುವವರು ಹೆಪಾ ಫಿಲ್ಟರ್ ಇದೆಯೇ, ಕೋಣೆಯ ಅಳತೆಗೆ ಸಾಲುತ್ತದೆಯೇ ಎಂದು ನೋಡಿ, ಮಲಗುವ ಕೋಣೆಯಲ್ಲಿ ಇಟ್ಟು ಕಿಟಕಿ ಮುಚ್ಚಿ. ಹಾಲ್‌ನಲ್ಲಿಟ್ಟು ಬಾಲ್ಕನಿ ಬಾಗಿಲು ತೆರೆದಿಟ್ಟರೆ ಕರೆಂಟ್ ಬಿಲ್ ಮಾತ್ರ ಬರುತ್ತದೆ. ಮನೆಯೊಳಗೇ ಹುಟ್ಟುವ ಹೊಗೆಯನ್ನೂ ನಿಲ್ಲಿಸಿ: ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ, ಮುಚ್ಚಿದ ಕೋಣೆಯಲ್ಲಿ ಕಟ್ಟುಗಟ್ಟಲೆ ಊದುಬತ್ತಿ ಉರಿಸುವ ಬದಲು ಒಂದೇ ತುಪ್ಪದ ದೀಪ. ದೇವರಿಗೆ ಅದು ಸಾಕು. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಏಳುವುದಿಲ್ಲ.

ಹಂತ 4: ಗೇಟಿನ ಬೆಂಕಿ ಆರಿಸಿ

ನಗರದ ಗಾಳಿಯನ್ನು ಒಂದು ಮನೆ ಬದಲಿಸಲಾರದು. ಗೇಟಿನ ಮುಂದಿನ ಗಾಳಿಯನ್ನು ಬದಲಿಸಬಹುದು. ಡಿಸೆಂಬರ್ ರಾತ್ರಿ ಹತ್ತಕ್ಕೆ ಯಾವುದಾದರೂ ಪಾಕೆಟ್‌ನ (ಫ್ಲ್ಯಾಟುಗಳ ಗುಂಪಿನ) ಗೇಟಿಗೆ ಹೋಗಿ ನೋಡಿ. ತುಕ್ಕು ಹಿಡಿದ ಎಣ್ಣೆ ಡಬ್ಬದಲ್ಲಿ ಒಣಗಿದ ಎಲೆ, ಮುರಿದ ಪ್ಲೈವುಡ್, ಕೊರಿಯರ್ ಡಬ್ಬಿ, ಹಾಲಿನ ಕವರು ಎಲ್ಲ ಸೇರಿ ಉರಿಯುತ್ತಿರುತ್ತವೆ. ಗಾರ್ಡ್ ಅದರ ಮೇಲೆ ಕೈಚಾಚಿ ಕೂತಿರುತ್ತಾನೆ. ಪ್ಲಾಸ್ಟಿಕ್ಕು, ಬಣ್ಣ ಬಳಿದ ಮರ ಉರಿದ ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ರಾಸಾಯನಿಕಗಳಿರುತ್ತವೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಅದನ್ನು ಕುಡಿಯುವವನು ಆ ಗಾರ್ಡ್, ಆಮೇಲೆ ನೆಲಮಹಡಿಯ ಮನೆಗಳು.

ಬಯ್ದರೆ ಬೆಂಕಿ ಇನ್ನೊಂದು ಮೂಲೆಗೆ ಹೋಗುತ್ತದೆ, ಅಷ್ಟೇ. ಅವನಿಗೆ ಚಳಿ, ಅದಕ್ಕೆ ಹೀಟರ್ ಬೇಕು. ದೆಹಲಿಯಲ್ಲಿ ಗಾಳಿ ಕೆಟ್ಟಾಗ ಜಾರಿಗೆ ಬರುವ ಗ್ರ್ಯಾಪ್ ಕ್ರಮಗಳ ಪಟ್ಟಿಯಲ್ಲೇ ನಿವಾಸಿಗಳ ಸಂಘಗಳು (ಆರ್‌ಡಬ್ಲ್ಯೂಎ) ಗಾರ್ಡುಗಳಿಗೂ ಇತರ ಸಿಬ್ಬಂದಿಗೂ ಎಲೆಕ್ಟ್ರಿಕ್ ಹೀಟರ್ ಕೊಡಬೇಕು ಎಂದಿದೆ. ತೆರೆದ ಜಾಗದಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿತ್ತು. ಅಕ್ಟೋಬರ್‌ನ ಆರ್‌ಡಬ್ಲ್ಯೂಎ ಸಭೆಯಲ್ಲಿ ಈ ಎರಡೂ ವಿಷಯ ಎತ್ತಿ. ದಂಡದ ಮಾತನ್ನು ಕೊನೆಯಲ್ಲಿ ಆಡಿ, ಹೀಟರ್ ಮಾತನ್ನು ಮೊದಲು. ನೂರು ಮನೆಗಳು ಹಂಚಿಕೊಂಡರೆ ಒಂದು ಹೀಟರ್‌ಗೆ ತಲೆಗೆ ಬೀಳುವುದು ಒಂದು ಚಹಾದ ದುಡ್ಡು. ವೈರಿಂಗ್, ಪ್ಲಗ್ ಪಾಯಿಂಟ್ ಗಟ್ಟಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಕ್ಯಾಬಿನ್ನಿನ ಬಾಗಿಲು ಸ್ವಲ್ಪ ತೆರೆದಿರಲಿ.

ಇನ್ನು ಎಲೆ. ಪಾರ್ಕಿನ ಒಂದು ಮೂಲೆಯಲ್ಲಿ ತಂತಿಜಾಲರಿಯನ್ನು ಮೂರಡಿ ಅಗಲದ ಸುತ್ತಾಗಿ ನಿಲ್ಲಿಸಿ, ಮಾಲಿಗೆ ಎಲೆಯನ್ನೆಲ್ಲ ಅದರೊಳಗೇ ಹಾಕಲು ಹೇಳಿ. ಅಡಿ ಎತ್ತರಕ್ಕೊಮ್ಮೆ ಸಗಣಿನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ ತುಳಿಯಬೇಕು. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಸಾಕು. ಎರಡು ವಾರಕ್ಕೊಮ್ಮೆ ಕೋಲಿನಿಂದ ತಿರುವಿಹಾಕಿದರೆ ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರ, ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಉಚಿತ. ಇಷ್ಟಾದ ಮೇಲೂ ಯಾರಾದರೂ ಸುಡುತ್ತಿದ್ದರೆ ಫೋಟೊ ಸಮೇತ ಸಮೀರ್ ಆ್ಯಪ್‌ನಲ್ಲಿ ದೂರು ಕೊಡಿ.

ಹಾಗೇ ಒಂದು ಮಾತು: ಟೆರೇಸಿನ ಅಥವಾ ಪಾರ್ಕಿಂಗ್‌ನ ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಸುಮ್ಮನೆ ಇದ್ದರೆ ಅಪಾಯ ಕಡಿಮೆ. ಗರಗಸದಲ್ಲಿ ಕೊಯ್ಯುವುದು, ಸುತ್ತಿಗೆಯಲ್ಲಿ ಒಡೆಯುವುದು ಮಾಡಿಸಬೇಡಿ.

ಹಂತ 5: ಅಡುಗೆಮನೆ

ಇಲ್ಲಿ ಹೊಸದಾಗಿ ಕಲಿಯುವುದು ಕಡಿಮೆ, ಬಿಟ್ಟದ್ದನ್ನು ಮತ್ತೆ ಹಿಡಿಯುವುದೇ ಹೆಚ್ಚು. ರಾಗಿಮುದ್ದೆ, ಹುರುಳಿಸಾರು, ಬಸ್ಸಾರು, ಸೊಪ್ಪಿನ ಪಲ್ಯ, ಕೋಸಂಬರಿ. ಇವುಗಳಲ್ಲಿ ನಾರಿನಂಶವಿದೆ, ನಾರಿನಂಶ ದೊಡ್ಡಕರುಳಿನ ಕ್ಯಾನ್ಸರ್ ಅಪಾಯವನ್ನು ತಗ್ಗಿಸುತ್ತದೆ. ದೆಹಲಿಯ ಚಳಿಗಾಲ ತರಕಾರಿಗೆ ಸುಗ್ಗಿ: ಮೆಂತ್ಯ, ಸಾಸಿವೆಸೊಪ್ಪು, ಪಾಲಕ್, ಬಥುವಾ, ಕೆಂಪು ಗಜ್ಜರಿ ವಾರದ ಸಂತೆಯಲ್ಲಿ ರಾಶಿ ಬಿದ್ದಿರುತ್ತವೆ. ಬಥುವಾದ ಬಸ್ಸಾರು ಒಮ್ಮೆ ಮಾಡಿ ನೋಡಿ, ಚಕ್ಕೋತಸೊಪ್ಪಿನ ನೆನಪು ತರುತ್ತದೆ. ತರಕಾರಿ, ಹಣ್ಣು ಸೇರಿ ದಿನಕ್ಕೆ ತಲೆಗೆ 400 ಗ್ರಾಂಗಿಂತ ಇಳಿಯಬಾರದು.

ಶೇಂಗಾ ಚಟ್ನಿಪುಡಿ ಇಲ್ಲದೆ ಊಟ ಇಳಿಯದ ಉತ್ತರ ಕರ್ನಾಟಕದವರಿಗೆ ವಿಶೇಷ ಸೂಚನೆ. ಬೂಸ್ಟು ಹಿಡಿದ ಶೇಂಗಾ, ಜೋಳ, ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಲಿವರ್ ಕ್ಯಾನ್ಸರ್‌ಗೆ ಕಾರಣ. ಹುರಿದರೆ ಪೂರ್ತಿ ಹೋಗುವುದಿಲ್ಲ. ಸುಕ್ಕಿದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಆರಿಸಿ ಎಸೆಯಿರಿ. ಜುಲೈ, ಆಗಸ್ಟ್‌ನ ತೇವದಲ್ಲಿ ದೊಡ್ಡ ಚೀಲ ತರಿಸಬೇಡಿ.

ಬಜ್ಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಒಗ್ಗರಣೆ ಹೊಗೆಯಾಡುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕಿ. ಸಾಸೇಜ್, ಸಲಾಮಿ, ಬೇಕನ್‌ನಂಥ ಸಂಸ್ಕರಿಸಿದ ಮಾಂಸ 2015ರಿಂದ ಐಎಆರ್‌ಸಿಯ ಮೊದಲ ಗುಂಪಿನಲ್ಲಿದೆ; ಮಾಂಸಾಹಾರಿಗಳು ಊರಿನ ಕೋಳಿಸಾರು, ಮೀನುಸಾರಿಗೆ ಮರಳಿದರೆ ನಾಲಿಗೆಗೂ ನಷ್ಟವಿಲ್ಲ. ಅರಿಶಿನ ಅಡುಗೆಗೆ ಇರಲಿ, ಅದರ ಮಾತ್ರೆಗಳಿಗೆ ದುಡ್ಡು ಸುರಿಯಬೇಡಿ.

ಹಂತ 6: ಸೊಂಟದ ಪಟ್ಟಿ, ಸಂಜೆಯ ಪೆಗ್ಗು

ದರ್ಜಿಯ ಟೇಪ್ ತಂದು ಹೊಕ್ಕುಳ ಮಟ್ಟದಲ್ಲಿ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಬೊಜ್ಜು ಹೆಚ್ಚಿದೆ ಎಂದರ್ಥ. ಬೊಜ್ಜಿಗೂ 13 ಬಗೆಯ ಕ್ಯಾನ್ಸರ್‌ಗಳಿಗೂ ನಂಟಿದೆ, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್ ಅವುಗಳಲ್ಲೊಂದು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಕನಿಷ್ಠ. ಮಾಲ್‌ನಲ್ಲಿ ಅಂಗಡಿ ನೋಡುತ್ತ ಸುತ್ತುವುದು ಇದರ ಲೆಕ್ಕಕ್ಕೆ ಬರುವುದಿಲ್ಲ.

ಮದ್ಯದ ಬಗ್ಗೆ ಚಿಕ್ಕದಾಗಿ: ಸುರಕ್ಷಿತವಾದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ವೈನ್ ಹೃದಯಕ್ಕೆ ಒಳ್ಳೆಯದಂತೆ ಎನ್ನುವವರಿಗೂ ಇದೇ ಉತ್ತರ.

ಹಂತ 7: ವರ್ಷದಲ್ಲೊಂದು ದಿನ ಗುರುತುಹಾಕಿ

30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ತಪಾಸಣೆ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಆಗುತ್ತದೆ. ಗರ್ಭಕೊರಳಿನ ಪರೀಕ್ಷೆಯಿಂದ ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆಯನ್ನೇ ಕಂಡುಹಿಡಿದು ತೆಗೆದುಬಿಡಬಹುದು, ಆದ್ದರಿಂದ ಅದು ನಿಜವಾದ ತಡೆ. ಲಸಿಕೆ ಹಾಕಿಸಿಕೊಂಡವರಿಗೂ ಅದು ಬೇಕು. ಅಮ್ಮಂದಿರು 'ನನಗೇನಾಗಿದೆ, ಗಟ್ಟಿಯಾಗಿದ್ದೀನಲ್ಲ' ಎನ್ನುತ್ತಾರೆ. ಗಟ್ಟಿಯಾಗಿರುವಾಗಲೇ ಮಾಡಿಸುವ ಪರೀಕ್ಷೆ ಇದು ಎಂದು ಹೇಳಿ ಕರೆದುಕೊಂಡು ಹೋಗಿ. ಮನೆಯಲ್ಲಿ ತಾಯಿಗೋ ಅಕ್ಕನಿಗೋ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಅಂಥವರ ತಪಾಸಣೆ ಬೇಗ ಶುರುವಾಗಬೇಕಾಗಬಹುದು. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮಲದಲ್ಲಿ ರಕ್ತ, ಬಿಡದ ಕೆಮ್ಮು ಇದ್ದರೆ ತಪಾಸಣೆಯ ದಿನದವರೆಗೆ ಕಾಯಬೇಡಿ. ಸಫ್ದರ್‌ಜಂಗ್ ಆಸ್ಪತ್ರೆ, ಏಮ್ಸ್ ಎರಡೂ ಒಂದೇ ರಸ್ತೆಯ ಆಚೀಚೆ ಇವೆ.

ಕನ್ನಡಿಗರಿಗೆ ಆ ಒಂದು ದಿನ ನವೆಂಬರ್‌ನಲ್ಲೇ ಇರಲಿ. 1ರಂದು ರಾಜ್ಯೋತ್ಸವ, 7ರಂದು ರಾಷ್ಟ್ರೀಯ ಕ್ಯಾನ್ಸರ್ ಅರಿವಿನ ದಿನ, ಗಾಳಿಯೂ ಕೆಡುವ ತಿಂಗಳು. ರಾಜ್ಯೋತ್ಸವಕ್ಕೆ ಕನ್ನಡಿಗರು ಒಟ್ಟು ಸೇರುವಾಗ, ಹಾಡು ಭಾಷಣಗಳ ನಡುವೆ ಒಬ್ಬ ದಂತವೈದ್ಯರನ್ನು ಕೂರಿಸಿ ಬಾಯಿ ನೋಡಿಸಲು ಎರಡು ಗಂಟೆ ಬಿಡುವಂತೆ ನಿಮ್ಮ ಸಂಘದ ಪದಾಧಿಕಾರಿಗಳನ್ನು ಕೇಳಿ. ಹೋಗುವಾಗ ನಿಮ್ಮ ಗೇಟಿನ ಗಾರ್ಡನ್ನೂ ಕಾರಿನ ಡ್ರೈವರನ್ನೂ ಕರೆದುಕೊಂಡು ಹೋಗಿ. ಆಸ್ಪತ್ರೆಗೆಂದು ಒಂದು ದಿನದ ಸಂಬಳ ಬಿಡುವುದು ಅವರಿಗೆ ಸುಲಭವಲ್ಲ.